ಡೀಸೆಲ್ ಸಾಕೇ, ಹೈಬ್ರಿಡ್ ಬೇಕೇ? ಸಣ್ಣ ಬೋಟಿಗೆ ಎಂಜಿನ್ ಆರಿಸುವ ಮುನ್ನ

ಗಸ್ತು ಬೋಟೊಂದು ಅಳಿವೆ ಬಾಗಿಲು ದಾಟಿ ಹೊರಗೆ ಬಂದಿದೆ. ಒಳಗೆ 400 ಅಶ್ವಶಕ್ತಿಯ ಎರಡು ಎಂಜಿನ್. ಆದರೆ ಬೋಟಿನ ವೇಗ ಬರೀ ಐದು ನಾಟ್, ಅಂದರೆ ಗಂಟೆಗೆ ಸುಮಾರು ಒಂಬತ್ತು ಕಿಲೋಮೀಟರ್. ಬಲೆ ಹಾಕಿದ ದೋಣಿಗಳ ಮಧ್ಯೆ ಸುಮ್ನೆ ಸುತ್ತುತ್ತಾ, ನೋಡುತ್ತಾ, ರೇಡಿಯೋ ಕೇಳುತ್ತಾ ಇರುವುದೇ ಅದರ ಕೆಲಸ. ಎರಡು ಆನೆ ಕಟ್ಟಿ ಒಂದು ಕೈಗಾಡಿ ಎಳೆಸಿದ ಹಾಗೆ. ನಾಲ್ಕು ಗಂಟೆ ಹೀಗೆ ಕಳೆದ ಮೇಲೆ ಒಂದು ಕರೆ ಬರುತ್ತದೆ. ಥ್ರಾಟಲ್ ಮುಂದೆ ತಳ್ಳುತ್ತಾರೆ. ಹಿಂದಿನಿಂದ ಕಪ್ಪು ಹೊಗೆ ಬುಸ್ ಅಂತ ಏಳುತ್ತದೆ.

ಆ ಹೊಗೆಯನ್ನು ನೋಡಿ "ಎಂಜಿನ್ ಪವರ್ ಜೋರಾಗಿದೆ" ಅನ್ನುವವರಿದ್ದಾರೆ. ಅದು ಪವರ್ ಅಲ್ಲ, ನಾಲ್ಕು ಗಂಟೆ ಸರಿಯಾಗಿ ಉರಿಯದೆ ಉಳಿದ ಡೀಸೆಲ್‌ನ ಮಸಿ. ಡೀಸೆಲ್ ಎಂಜಿನ್ನಿಗೆ ಹೊರೆ ಬೇಕು. ತನ್ನ ಶಕ್ತಿಯ ಕಾಲು ಭಾಗವೂ ಇಲ್ಲದ ಹೊರೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಸಿಲಿಂಡರ್ ಸಾಕಷ್ಟು ಬಿಸಿಯಾಗುವುದಿಲ್ಲ. ಇಂಜೆಕ್ಟರ್ ತುದಿಯಲ್ಲಿ, ಟರ್ಬೊ ಒಳಗೆ, ಎಕ್ಸಾಸ್ಟ್ ಪೈಪಿನಲ್ಲಿ ಮಸಿ ಕಟ್ಟುತ್ತದೆ. ಸಿಲಿಂಡರಿನ ಒಳಗೋಡೆ, ಅಂದರೆ ಲೈನರ್, ಗಾಜಿನ ಹಾಗೆ ನುಣುಪಾಗಿ ಎಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ. ಎಂಜಿನ್ ಜೊತೆ ಮೋಟಾರ್, ಬ್ಯಾಟರಿಯೂ ಇರುವ ಹೈಬ್ರಿಡ್ ಬೇಕೋ ಬೇಡವೋ ಎಂಬ ಮಾತು ಹುಟ್ಟುವುದೇ ಇಲ್ಲಿ. ಪರಿಸರದ ಮಾತು ಆಮೇಲೆ.

ನನ್ನ ಕೆಲಸ ಎಂಜಿನ್ ರೂಮಿನದು. "ಹೈಬ್ರಿಡ್ ಹಾಕಿಸಲಾ?" ಎಂದು ಯಾರಾದರೂ ಕೇಳಿದರೆ ನಾನು ಮೊದಲು ಲಾಗ್ ಬುಕ್ ಕೇಳುತ್ತೇನೆ. ಒಂದು ತಿಂಗಳಲ್ಲಿ ಬೋಟು ಯಾವ ವೇಗದಲ್ಲಿ ಎಷ್ಟು ಗಂಟೆ ಓಡಿತು? ಇದು ಗೊತ್ತಿಲ್ಲದೆ ಯಾವ ಕಂಪನಿಯ ಬ್ರೋಷರ್ ಓದಿದರೂ ಉಪಯೋಗವಿಲ್ಲ.

ಇರುವ ದಾರಿಗಳು

ಮೊದಲನೆಯದು ಎಲ್ಲರಿಗೂ ಗೊತ್ತಿರುವುದು. ಡೀಸೆಲ್ ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್, ತುದಿಯಲ್ಲಿ ಫ್ಯಾನ್. ನಮ್ಮ ಕರಾವಳಿಯಲ್ಲಿ ಪ್ರೊಪೆಲ್ಲರ್‌ಗೆ ಫ್ಯಾನ್ ಅಂತಲೇ ಅನ್ನುವುದು, ಅದಕ್ಕೆ ನಾನೂ ಹಾಗೇ ಬರೆಯುತ್ತೇನೆ. ಎಂಜಿನ್ ಕೊಟ್ಟ ಶಕ್ತಿಯಲ್ಲಿ ಗೇರ್‌ಬಾಕ್ಸು, ಬೇರಿಂಗುಗಳಲ್ಲಿ ಹೋಗುವುದು ನೂರಕ್ಕೆ ಮೂರ್ನಾಲ್ಕು ಅಷ್ಟೆ. ರಿಪೇರಿಗೆ ಪ್ರತಿ ದಕ್ಕೆಯಲ್ಲೂ ಜನ ಸಿಗುತ್ತಾರೆ.

ಎರಡನೆಯದು ಪ್ಯಾರಲಲ್ ಹೈಬ್ರಿಡ್. ಎಂಜಿನ್ ಹಾಗೇ ಇರುತ್ತದೆ, ಗೇರ್‌ಬಾಕ್ಸಿನ ಪಕ್ಕ ಒಂದು ಮೋಟಾರ್ ಸೇರುತ್ತದೆ. ನಿಧಾನ ಹೋಗುವಾಗ ಕ್ಲಚ್ ಬಿಟ್ಟು ಎಂಜಿನ್ ಆಫ್ ಮಾಡಿ ಮೋಟಾರಿನಲ್ಲಿ ಓಡಿಸಬಹುದು. ಓಡಬೇಕಾದಾಗ ಎಂಜಿನ್. ಎಂಜಿನ್ ಓಡುವಾಗ ಅದೇ ಮೋಟಾರ್ ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆ.

ಮೂರನೆಯದು ಸೀರೀಸ್. ಇಲ್ಲಿ ಎಂಜಿನ್ನಿಗೂ ಫ್ಯಾನಿಗೂ ನೇರ ಸಂಬಂಧವೇ ಇಲ್ಲ. ಎಂಜಿನ್ ಜನರೇಟರ್ ತಿರುಗಿಸುತ್ತದೆ, ಆ ಕರೆಂಟಿನಲ್ಲಿ ಮೋಟಾರ್ ತಿರುಗುತ್ತದೆ, ಮೋಟಾರ್ ಫ್ಯಾನ್ ತಿರುಗಿಸುತ್ತದೆ. ಇಷ್ಟೇ ಇದ್ದರೆ ಅದು ಡೀಸೆಲ್-ಎಲೆಕ್ಟ್ರಿಕ್. ಮಧ್ಯೆ ಬ್ಯಾಟರಿ ಬಂದರೆ ಹೈಬ್ರಿಡ್. ಈ ಎರಡನ್ನೂ ಒಂದೇ ಎಂದುಕೊಂಡು ಟೆಂಡರ್ ಬರೆದವರನ್ನೂ ನೋಡಿದ್ದೇನೆ.

ನಾಲ್ಕನೆಯದು ಬ್ಯಾಟರಿಯೇ ಮುಖ್ಯ, ಜನರೇಟರ್ ಆಪತ್ತಿಗೆ ಮಾತ್ರ.

ಅಂದ ಹಾಗೆ, ಡೀಸೆಲ್-ಎಲೆಕ್ಟ್ರಿಕ್ ಹೊಸದೇನಲ್ಲ. 1903ರಲ್ಲೇ ರಷ್ಯಾದ ವೋಲ್ಗಾ ನದಿಯಲ್ಲಿ ನೊಬೆಲ್ ಸಹೋದರರ ಕಂಪನಿಯ 'ವಾಂಡಾಲ್' ಎಂಬ ಎಣ್ಣೆ ಹಡಗು ಹೀಗೆ ಓಡಿತು. ಕಾರಣ ಏನು ಗೊತ್ತಾ? ಆಗಿನ ಡೀಸೆಲ್ ಎಂಜಿನ್ನಿಗೆ ಹಿಂದಕ್ಕೆ ತಿರುಗಲು ಬರುತ್ತಿರಲಿಲ್ಲ. ಮೋಟಾರಿಗೆ ಬರುತ್ತಿತ್ತು.

ಗಸ್ತು ಬೋಟಿನ ಒಂದು ದಿನ, ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ 15 ಮೀಟರ್ ಉದ್ದದ ಬೋಟು ಹಿಡಿಯೋಣ. ತಲಾ 300 ಕಿಲೋವ್ಯಾಟಿನ ಎರಡು ಎಂಜಿನ್. ದಿನಕ್ಕೆ ಎಂಟು ಗಂಟೆ ಕೆಲಸ: ಐದು ಗಂಟೆ ನಿಧಾನ ಸುತ್ತಾಟ, ಎರಡು ಗಂಟೆ ಮಧ್ಯಮ ವೇಗ, ಒಂದು ಗಂಟೆ ಪೂರ್ತಿ ಓಟ. ಇದು ನಾನು ಲೆಕ್ಕಕ್ಕೆ ಹಿಡಿದದ್ದು. ನಿಮ್ಮ ಬೋಟಿನದು ಬೇರೆ ಇರುತ್ತದೆ.

ಐದು ನಾಟ್‌ನಲ್ಲಿ ಇಂಥ ಬೋಟಿಗೆ ಬೇಕಾಗುವುದು ಸುಮಾರು 20 ಕಿಲೋವ್ಯಾಟ್. ರಾಡಾರ್, ದೀಪ, ಎಸಿ ಸೇರಿ ಇನ್ನೊಂದು ಐದು. ಬರೀ ಡೀಸೆಲ್ ಬೋಟಿನಲ್ಲಿ ಎರಡೂ ದೊಡ್ಡ ಎಂಜಿನ್ ತಲಾ ಐದು ಲೀಟರ್, ಪಕ್ಕದ ಸಣ್ಣ ಜನರೇಟರ್ ಎರಡೂವರೆ ಲೀಟರ್ ಕುಡಿಯುತ್ತವೆ. ಗಂಟೆಗೆ ಹನ್ನೆರಡೂವರೆ ಲೀಟರ್. ಹೈಬ್ರಿಡ್ ಆದರೆ ದೊಡ್ಡ ಎಂಜಿನ್ ಎರಡೂ ಬಂದ್. 40 ಕಿಲೋವ್ಯಾಟಿನ ಒಂದು ಜನರೇಟರ್ ಮೋಟಾರಿಗೂ ಕರೆಂಟು ಕೊಟ್ಟು ಎಲ್ಲವನ್ನೂ ಎಳೆಯುತ್ತದೆ, ಅದೂ ಹದವಾದ ಹೊರೆಯಲ್ಲಿ. ಗಂಟೆಗೆ ಎಂಟು ಲೀಟರ್. ದಿನಕ್ಕೆ ಇಪ್ಪತ್ತೆರಡೂವರೆ ಲೀಟರ್ ಉಳಿಯಿತು. ವರ್ಷಕ್ಕೆ 250 ದಿನ, ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಸುಮಾರು ಐದು ಲಕ್ಷ ರೂಪಾಯಿ.

ಖುಷಿಯಾಯಿತು ಅಲ್ವಾ? ಈಗ ಆ ಒಂದು ಗಂಟೆಯ ಪೂರ್ತಿ ಓಟ ನೋಡಿ. ಡೀಸೆಲ್ ಎಂಜಿನ್ ಒಳ್ಳೆಯ ಹೊರೆಯಲ್ಲಿ ಒಂದು ಯೂನಿಟ್ (ಒಂದು ಕಿಲೋವ್ಯಾಟ್, ಒಂದು ಗಂಟೆ) ಶಕ್ತಿಗೆ ಸುಮಾರು ಕಾಲು ಲೀಟರ್ ಕುಡಿಯುತ್ತದೆ. 600 ಕಿಲೋವ್ಯಾಟಿಗೆ ಒಂದು ಗಂಟೆಯಲ್ಲಿ 150 ಲೀಟರ್. ಒಂದು ವಾರ ಕಾಪಾಡಿದ ಡೀಸೆಲ್ ಒಂದೇ ಗಂಟೆಯಲ್ಲಿ ಹೋಯಿತು. ಹಾಗಾಗಿ "ಹೈಬ್ರಿಡ್ ಹಾಕಿದರೆ ಇಂಧನ ಅರ್ಧ" ಎಂದು ಯಾರಾದರೂ ಗಸ್ತು ಬೋಟಿಗೆ ಹೇಳಿದರೆ ನಂಬಬೇಡಿ.

ನಿಜವಾದ ಲಾಭ ಬೇರೆ ಕಡೆ ಇದೆ. ಗಂಟೆಗಳಲ್ಲಿ. ಮೊದಲು ದೊಡ್ಡ ಎಂಜಿನ್ನುಗಳು ವರ್ಷಕ್ಕೆ 2,000 ಗಂಟೆ ಓಡುತ್ತಿದ್ದವು. ಈಗ 750. ಓವರ್‌ಹಾಲ್, ಅಂದರೆ ಎಂಜಿನ್ ಪೂರ್ತಿ ಬಿಚ್ಚಿ ಮಾಡುವ ರಿಪೇರಿ, 8,000 ಗಂಟೆಗೆ ಎಂದಿದ್ದರೆ ನಾಲ್ಕನೇ ವರ್ಷಕ್ಕೆ ಬರಬೇಕಾದ ಖರ್ಚು ಹತ್ತನೇ ವರ್ಷ ದಾಟುತ್ತದೆ. 250 ಗಂಟೆಗೊಮ್ಮೆ ಆಯಿಲ್ ಬದಲಿಸುವ ಎಂಜಿನ್ನಾದರೆ ವರ್ಷಕ್ಕೆ ಎಂಟು ಸಲದ ಬದಲು ಮೂರು ಸಲ. ಸಣ್ಣ ಜನರೇಟರಿನ ಕೆಲಸ ಜಾಸ್ತಿಯಾಗುತ್ತದೆ, ನಿಜ. ಆದರೆ ಅದರ ಓವರ್‌ಹಾಲ್ ಖರ್ಚಿಗೂ ದೊಡ್ಡ ಎಂಜಿನ್ನಿನದಕ್ಕೂ ಹೋಲಿಕೆಯೇ ಇಲ್ಲ. ಮಸಿ ಕಟ್ಟುವ ಕಾಟವೂ ತಪ್ಪಿತು. ಇನ್ನೊಂದು, ರಾತ್ರಿ ಬ್ಯಾಟರಿಯಲ್ಲಿ ಹೋಗುವ ಬೋಟು ಎಷ್ಟು ಸದ್ದಿಲ್ಲದೆ ಬರುತ್ತದೆಂದರೆ, ಪಕ್ಕಕ್ಕೆ ಬರುವವರೆಗೂ ಗೊತ್ತಾಗುವುದಿಲ್ಲ. ಗಸ್ತಿನವರಿಗೆ ಇದಕ್ಕೆ ಬೆಲೆ ಕಟ್ಟಲಾಗದು.

ಇಲ್ಲಿ ಪ್ಯಾರಲಲ್ ಗೆಲ್ಲುತ್ತದೆ, ಸೀರೀಸ್ ಅಲ್ಲ. ಪೂರ್ತಿ ಓಟದಲ್ಲಿ ಎಂಜಿನ್ ನೇರವಾಗಿ ಫ್ಯಾನಿಗೆ ಸೇರಿರಬೇಕು. ಸೀರೀಸ್‌ನಲ್ಲಿ ಜನರೇಟರ್, ಡ್ರೈವ್ (ಮೋಟಾರಿನ ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಡಬ್ಬ), ಮೋಟಾರ್ ಮೂರೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ, ಕೊನೆಗೆ ನೂರಕ್ಕೆ ಹತ್ತರಷ್ಟು ದಾರಿಯಲ್ಲೇ ಹೋಗಿರುತ್ತದೆ. 600 ಕಿಲೋವ್ಯಾಟಿನಲ್ಲಿ ಹತ್ತು ಭಾಗ ಎಂದರೆ 60. ಸುತ್ತಾಟಕ್ಕೆ ಬೇಕಾದದ್ದರ ಎರಡು ಪಟ್ಟಿಗಿಂತ ಜಾಸ್ತಿ! ಮೇಲಾಗಿ ಆ ಮೂರು ದೊಡ್ಡ ಡಬ್ಬಗಳ ತೂಕ. ಹಡಗುಗಳಿಗೆ ದಾರಿ ತೋರುವ ಪೈಲಟ್‌ಗಳನ್ನು ಒಯ್ಯುವ ಬಂದರಿನ ಪೈಲಟ್ ಬೋಟಿಗೂ ಇದೇ ಮಾತು. ಲಂಡನ್ ಬಂದರು ಪ್ರಾಧಿಕಾರದವರು ತಮ್ಮ 'ಲೀಡರ್' ಪೈಲಟ್ ಬೋಟಿಗೆ ಆರಿಸಿದ್ದೂ ಪ್ಯಾರಲಲ್ ಹೈಬ್ರಿಡ್ಡನ್ನೇ.

ಬ್ಯಾಟರಿ ಎಷ್ಟು ದೊಡ್ಡದಿರಬೇಕು?

ಜನ ಇಲ್ಲೇ ಎಡವುವುದು ಜಾಸ್ತಿ. ಮೇಲಿನ ಬೋಟನ್ನು ಜನರೇಟರೂ ಬೇಡ, ನಾಲ್ಕು ಗಂಟೆ ಬರೀ ಬ್ಯಾಟರಿಯಲ್ಲೇ ಸುತ್ತಿಸಬೇಕು ಅಂದುಕೊಳ್ಳಿ. 25 ಕಿಲೋವ್ಯಾಟ್, ನಾಲ್ಕು ಗಂಟೆ, ಒಟ್ಟು 100 ಯೂನಿಟ್. ಮನೆಗೆ ಬರುವ ಕರೆಂಟ್ ಬಿಲ್ಲಿನ ಅದೇ ಯೂನಿಟ್. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು, ಹಾಗಾಗಿ 130 ಯೂನಿಟ್‌ನದ್ದು ಬೇಕು. ಹಡಗಿಗೆಂದು ಮಾಡಿದ ಲಿಥಿಯಂ ಬ್ಯಾಟರಿ, ಅದರ ಪೆಟ್ಟಿಗೆ, ತಂಪು ಮಾಡುವ ಪೈಪು ಎಲ್ಲ ಸೇರಿ ಯೂನಿಟಿಗೆ ಹತ್ತು ಕಿಲೋ ಹಿಡಿಯಿರಿ. ಸಾವಿರದ ಮುನ್ನೂರು ಕಿಲೋ. ಬೋಟಿನ ಮೇಲೆ ಒಂದು ಕಾರು ಹೇರಿಕೊಂಡು ಓಡಾಡಿದ ಹಾಗೆ.

ಅದೇ 100 ಯೂನಿಟ್‌ಗೆ ಜನರೇಟರ್ ಕುಡಿಯುವ ಡೀಸೆಲ್ ಸುಮಾರು 30 ಲೀಟರ್. ಒಂದು ಕ್ಯಾನಿನಲ್ಲಿ ಹಿಡಿಯುತ್ತದೆ, ತೂಕ 25 ಕಿಲೋ.

ನೀರಿನ ಮೇಲೆ ಎದ್ದು ಜಾರುವ ಬೋಟಿಗೆ ತೂಕವೇ ಶತ್ರು. ಟನ್ನಿನ ಮೇಲೆ ತೂಕ ಹೇರಿದರೆ ಬೋಟು ಏಳಲು ತಿಣುಕುತ್ತದೆ, ಗರಿಷ್ಠ ವೇಗ ಬೀಳುತ್ತದೆ. ಕಳ್ಳದೋಣಿ ಹಿಡಿಯುವ ಬೋಟು ಕಳ್ಳದೋಣಿಗಿಂತ ನಿಧಾನವಾದರೆ ಏನು ಉಪಯೋಗ? ಹಾಗಾಗಿ ಗಸ್ತು ಬೋಟಿಗೆ ನನ್ನ ಸಲಹೆ: ಬ್ಯಾಟರಿ ಅರ್ಧ-ಮುಕ್ಕಾಲು ಗಂಟೆಗೆ ಸಾಕಾಗುವಷ್ಟು ಚಿಕ್ಕದಿರಲಿ, ಉಳಿದದ್ದನ್ನು ಜನರೇಟರ್ ನೋಡಿಕೊಳ್ಳಲಿ. ದಕ್ಕೆಗೆ ಬರುವಾಗ, ಹೋಗುವಾಗ, ಯಾರನ್ನಾದರೂ ಸದ್ದಿಲ್ಲದೆ ಸಮೀಪಿಸುವಾಗ ಅಷ್ಟು ಸಾಕು.

ಫೆರ್ರಿಯ ಲೆಕ್ಕವೇ ಬೇರೆ

ಒಂದೇ ದಾರಿ, ಒಂದೇ ವೇಗ, ಎರಡೂ ದಡದಲ್ಲಿ ನಿಲುಗಡೆ. ಬ್ಯಾಟರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ. ನಿಧಾನ ಹೋಗುವ, ನೀರನ್ನು ಸೀಳಿಕೊಂಡು ಸಾಗುವ ಬೋಟಿನಲ್ಲಿ ವೇಗ ಅರ್ಧ ಮಾಡಿದರೆ ಬೇಕಾಗುವ ಶಕ್ತಿ ಹತ್ತಿರ ಹತ್ತಿರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೊಚ್ಚಿ ವಾಟರ್ ಮೆಟ್ರೊ ಬೋಟುಗಳನ್ನು ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ, ನೂರು ಜನ ಹಿಡಿಸುವ ಈ ಜೋಡಿ ಒಡಲಿನ ಬೋಟುಗಳು 2023ರ ಏಪ್ರಿಲ್‌ನಿಂದ ಓಡುತ್ತಿವೆ. ಬ್ಯಾಟರಿಯಲ್ಲಿ ಎಂಟು ನಾಟ್, ಜನರೇಟರ್ ಜೊತೆ ಸೇರಿದರೆ ಹತ್ತು. ಎರಡೇ ನಾಟ್ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಎಂಟರಿಂದ ಹತ್ತಕ್ಕೆ ಏರಲು ಶಕ್ತಿ ಸುಮಾರು ಎರಡು ಪಟ್ಟು ಬೇಕು. ದಿನವಿಡೀ ಹತ್ತರಲ್ಲಿ ಓಡಿಸುತ್ತೇವೆ ಎಂದು ಹೊರಟಿದ್ದರೆ ಬ್ಯಾಟರಿ ಅಷ್ಟೇ ದೊಡ್ಡದಾಗಬೇಕಿತ್ತು. ಜನರೇಟರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಎಂಟರಲ್ಲಿ ಓಡಿಸುವುದು ಜಾಣತನ.

ಅದಕ್ಕೂ ಮೊದಲೇ, 2017ರ ಜನವರಿಯಲ್ಲಿ, ಕೇರಳದ ವೈಕಂ ಮತ್ತು ತವಣಕ್ಕಡವು ನಡುವೆ 'ಆದಿತ್ಯ' ಎಂಬ ಸೋಲಾರ್ ಫೆರ್ರಿ ಶುರುವಾಯಿತು. 75 ಜನ ಹಿಡಿಸುವ ಬೋಟು. ಮೋಟಾರ್ ಎಷ್ಟು ದೊಡ್ಡದು ಅಂದುಕೊಂಡಿರಿ? ಎರಡು, ತಲಾ 20 ಕಿಲೋವ್ಯಾಟ್. ಒಂದೊಂದೂ ನಮ್ಮ ಗಸ್ತು ಬೋಟಿನ ಒಂದು ಎಂಜಿನ್ನಿನ ಹದಿನೈದನೇ ಒಂದು ಭಾಗ. ಒಡಲು ಹಗುರ, ವೇಗ ಕಡಿಮೆ, ದಾರಿ ಚಿಕ್ಕದು. ಅಷ್ಟೇ ಗುಟ್ಟು.

ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗಲು ಲಾಂಚ್ ಹತ್ತಿದವರಿಗೆ ಆ ಡೀಸೆಲ್ ವಾಸನೆ, ಆ ಸದ್ದು ನೆನಪಿರಬಹುದು. 2025ರ ಜುಲೈನಲ್ಲಿ ಸೇತುವೆ ಬಂತು, ಆ ದಾರಿಯಲ್ಲಿ ಲಾಂಚಿನ ಕಾಲ ಮುಗಿಯಿತು. ಬ್ಯಾಟರಿಗೆ ಹೇಳಿ ಮಾಡಿಸಿದಂಥ ದಾರಿ ಅದು. ಅಲೆ ಇಲ್ಲ, ದೂರ ಇಲ್ಲ, ಅವಸರವೂ ಇಲ್ಲ. ಪ್ರವಾಸಿ ಬೋಟು ಓಡಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಆದರೆ ಫೆರ್ರಿಯವರು ಬೋಟಿಗಿಂತ ಮೊದಲು ದಡ ನೋಡಬೇಕು. ಗಸ್ತು ಬೋಟಿನ ಬ್ಯಾಟರಿ ರಾತ್ರಿಯಿಡೀ ತುಂಬಬಹುದು, ಸಾಧಾರಣ ತ್ರೀ ಫೇಸ್ ಕನೆಕ್ಷನ್ ಸಾಕು. ಫೆರ್ರಿಗೆ ಹತ್ತು ನಿಮಿಷದಲ್ಲಿ 20 ಯೂನಿಟ್ ಬೇಕೆಂದರೆ ಅದು 120 ಕಿಲೋವ್ಯಾಟ್! ಹಳ್ಳಿಯ ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳುತ್ತದಾ? ನಾರ್ವೆಯಲ್ಲಿ 2015ರಲ್ಲಿ ಶುರುವಾದ 'ಆಂಪೇರ್' ಫೆರ್ರಿಗೂ ಇದೇ ತೊಂದರೆ ಬಂತು. ಅಲ್ಲಿ ಎರಡೂ ದಡಗಳಲ್ಲಿ ದೊಡ್ಡ ಬ್ಯಾಟರಿ ಇಟ್ಟರು. ಅವು ಹಳ್ಳಿಯ ಲೈನಿನಿಂದ ನಿಧಾನವಾಗಿ ಕರೆಂಟು ಹೀರಿಕೊಂಡು, ಫೆರ್ರಿ ಬಂದಾಗ ಒಮ್ಮೆಲೇ ಕೊಡುತ್ತವೆ. ಈ ಖರ್ಚು ಬೋಟಿನ ಕೊಟೇಶನ್ನಿನಲ್ಲಿ ಇರುವುದಿಲ್ಲ, ನೆನಪಿರಲಿ.

ಟಗ್, ಸರಕು ಬೋಟು, ಮೀನಿನ ಬೋಟು

ಟಗ್ಗಿಗೆ ಪೂರ್ತಿ ಶಕ್ತಿ ಬೇಕಾಗುವುದು ಹಡಗನ್ನು ತಳ್ಳುವ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಕಾಯುವುದು, ನಿಧಾನ ಹೋಗುವುದು. ಅಮೆರಿಕದ ಫಾಸ್ ಕಂಪನಿ 2009ರಲ್ಲೇ 'ಕ್ಯಾರೊಲಿನ್ ಡೊರೊತಿ' ಎಂಬ ಹೈಬ್ರಿಡ್ ಟಗ್ ಇಳಿಸಿದ್ದು ಇದೇ ಕಾರಣಕ್ಕೆ. ಟಗ್ಗಿಗೆ ತೂಕ ಶತ್ರು ಅಲ್ಲ, ಸ್ವಲ್ಪ ಮಟ್ಟಿಗೆ ಸ್ನೇಹಿತ. ಹಾಗಾಗಿ ದೊಡ್ಡ ಬ್ಯಾಟರಿ ಹಾಕಬಹುದು.

ಸೀರೀಸ್‌ಗೆ ಜಾಗ ಎಲ್ಲಿ? ಹೊರೆ ಹೊತ್ತು ಹೊತ್ತಿಗೆ ಬದಲಾಗುವ ಕಡೆ. ಕ್ರೇನ್ ಇರುವ ಕೆಲಸದ ಬೋಟು, ಸರ್ವೆ ಬೋಟು, ಹೂಳೆತ್ತುವ ಡ್ರೆಡ್ಜರ್. ಒಂದು ದೊಡ್ಡ ಎಂಜಿನ್ನಿನ ಬದಲು ಮೂರು ಸಣ್ಣ ಜನರೇಟರ್ ಇಟ್ಟು, ಬೇಕಾದಷ್ಟನ್ನೇ ಓಡಿಸಬಹುದು. ಒಂದು ಕೆಟ್ಟರೆ ಎರಡು ಇರುತ್ತವೆ. ನಮ್ಮ ಮಲ್ಪೆಯಲ್ಲೇ ಇರುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿಗೆ ನಾರ್ವೆಯ ವಿಲ್ಸನ್ ಕಂಪನಿಯಿಂದ 3,800 ಟನ್ನಿನ ಸರಕು ಹಡಗುಗಳ ಆರ್ಡರ್ ಬಂದಿದೆಯಲ್ಲ, ಅವೂ ಡೀಸೆಲ್-ಎಲೆಕ್ಟ್ರಿಕ್ಕೇ.

ಟ್ರಾಲ್ ಬೋಟಿನವರಿಗೆ ಒಂದೇ ಮಾತು: ಸದ್ಯಕ್ಕೆ ಬೇಡ. ಎಂಟು ಹತ್ತು ದಿನ ಕಡಲಲ್ಲಿದ್ದು, ಹಗಲು ರಾತ್ರಿ ಒಂದೇ ಹದದಲ್ಲಿ ಬಲೆ ಎಳೆಯುವ ಎಂಜಿನ್ ಒಳ್ಳೆಯ ಹೊರೆಯಲ್ಲೇ ಇರುತ್ತದೆ. ಅಲ್ಲಿ ಹೈಬ್ರಿಡ್ ಉಳಿಸಲು ಏನೂ ಇಲ್ಲ. ಆ ದುಡ್ಡನ್ನು ಒಡಲಿಗೆ, ಎಳೆತಕ್ಕೆ ಸರಿಹೊಂದುವ ಫ್ಯಾನಿಗೆ ಹಾಕಿ.

ಬೆಂಕಿ, ರಿಪೇರಿ, ಮಳೆಗಾಲ

2019ರ ಅಕ್ಟೋಬರ್‌ನಲ್ಲಿ ನಾರ್ವೆಯ 'ಯಟ್ಟರಯಿನಿಂಗನ್' ಎಂಬ ಹೈಬ್ರಿಡ್ ಫೆರ್ರಿಯ ಬ್ಯಾಟರಿ ಕೋಣೆಯಲ್ಲಿ ಬೆಂಕಿ ಬಿತ್ತು. ಬೆಂಕಿ ಆರಿತು ಎಂದುಕೊಂಡ ಮರುದಿನ ಬೆಳಿಗ್ಗೆ ಒಳಗೆ ತುಂಬಿದ್ದ ಅನಿಲ ಸಿಡಿಯಿತು. ತಂಪು ಮಾಡುವ ದ್ರವ ಸೋರಿದ್ದು ಇದಕ್ಕೆ ಮೂಲ. ಡೀಸೆಲ್ ಬೆಂಕಿಗೂ ಬ್ಯಾಟರಿ ಬೆಂಕಿಗೂ ಇರುವ ವ್ಯತ್ಯಾಸ ಇದು: ಜ್ವಾಲೆ ಹೋದ ಮೇಲೂ ಬಿಸಿ ಒಳಗೇ ಇರುತ್ತದೆ, ಸುಡುವ ಅನಿಲ ಬರುತ್ತಲೇ ಇರುತ್ತದೆ. ಹಾಗಾಗಿ ಬ್ಯಾಟರಿಗೆ ಬೇರೆಯೇ ಕೋಣೆ, ಅನಿಲ ನೇರ ಡೆಕ್ಕಿನ ಹೊರಗೆ ಹೋಗುವ ಪೈಪು, ನೀರಿನ ಸಿಂಪರಣೆ ಇಲ್ಲದ ವಿನ್ಯಾಸವನ್ನು ಒಪ್ಪಬೇಡಿ. ಬ್ಯಾಟರಿಯ ಕೆಮಿಸ್ಟ್ರಿ ಆರಿಸುವಾಗ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸಾಮಾನ್ಯ ಕೆಲಸಕ್ಕೆ ಸಾಕು. ಹತ್ತಾರು ಸಲ ಬೇಗ ಬೇಗ ಚಾರ್ಜ್ ಮಾಡುವ ಫೆರ್ರಿಗೆ ಎಲ್‌ಟಿಒ (ಲಿಥಿಯಂ ಟೈಟನೇಟ್). ಕೊಚ್ಚಿಯವರು ಹಾಕಿದ್ದು ಅದೇ. ತೂಕ ಜಾಸ್ತಿ, ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಹಗುರ, ಆದರೆ ಬಿಸಿಯಾದರೆ ಮೊದಲು ಹಟ ಹಿಡಿಯುವುದೂ ಅದೇ.

ಇನ್ನು ರಿಪೇರಿ. ನಾನು ನೋಡಿದ ಒಂದು ಬೋಟಿನಲ್ಲಿ ಮೋಟಾರ್ ಡ್ರೈವಿನ ಅಂಗೈ ಅಗಲದ ಒಂದು ಕಾರ್ಡ್ ಹೋಯಿತು. ಮಾರಿದವರಿಗೆ ಫೋನ್ ಮಾಡಿದರೆ "ಹೊರದೇಶದಿಂದ ಬರಬೇಕು" ಅಂದರು. ಆರು ವಾರ ಹಿಡಿಯಿತು. ಬೋಟು ಪ್ಯಾರಲಲ್ ಆಗಿದ್ದರಿಂದ ಅಷ್ಟು ದಿನ ಹಳೆಯ ಡೀಸೆಲ್ ಬೋಟಿನ ಹಾಗೆ ಓಡಿತು. ಸೀರೀಸ್ ಆಗಿದ್ದರೆ, ಬದಲಿ ಡ್ರೈವ್ ಇಲ್ಲದಿದ್ದರೆ, ದಕ್ಕೆಯಲ್ಲೇ ಕಟ್ಟಿಹಾಕಬೇಕಿತ್ತು. ಅವತ್ತಿನಿಂದ ನಾನು ಕೊಟೇಶನ್ ನೋಡುವಾಗ ಮೊದಲು ಹುಡುಕುವುದು ಬಿಡಿಭಾಗಗಳ ಪಟ್ಟಿ. ಯಾವ ಕಾರ್ಡ್, ಯಾವ ಫ್ಯೂಸ್, ಯಾವ ಸೆನ್ಸರ್ ಬೋಟಿನ ಜೊತೆಗೇ ಕೊಡುತ್ತೀರಿ? ಡ್ರೈವ್ ಟ್ರಿಪ್ ಆದರೆ ಮಂಗಳೂರಿಗೆ ಅಥವಾ ಕಾರವಾರಕ್ಕೆ ಎಷ್ಟು ಗಂಟೆಯಲ್ಲಿ ಜನ ಬರುತ್ತಾರೆ? ನೂರಕ್ಕೆ ಹತ್ತು ಹೊರೆಯಲ್ಲಿ ಈ ಎಂಜಿನ್ ಎಷ್ಟು ಕುಡಿಯುತ್ತದೆ, ಕಾಗದದಲ್ಲಿ ಬರೆದು ಕೊಡಿ. ಬ್ಯಾಟರಿ ಎಷ್ಟಕ್ಕೆ ಇಳಿದರೆ ವಾರಂಟಿಯಲ್ಲಿ ಬದಲಿಸುತ್ತೀರಿ? ಉತ್ತರ ಬಾಯಿಮಾತಿನಲ್ಲಿ ಬಂದರೆ, ಮುಂದಿನ ಕೊಟೇಶನ್ ತೆರೆಯಿರಿ.

ಹಳೆಯ ಬೋಟಿಗೆ ಹೈಬ್ರಿಡ್ ಕೂರಿಸುವ ಆಸೆ ಇದ್ದರೆ, ಗೇರ್‌ಬಾಕ್ಸಿನಲ್ಲಿ ಮೋಟಾರ್ ಸೇರಿಸಲು ಜಾಗ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಗೇರ್‌ಬಾಕ್ಸೇ ಬದಲಾಗಬೇಕು, ಆಗ ಲೆಕ್ಕ ತಲೆಕೆಳಗು. ಎಂಜಿನ್ ಹೇಗೂ ಬದಲಿಸುವ ವರ್ಷ ಬಂದಾಗ ಈ ಕೆಲಸ ಮಾಡಿಸುವುದು ವಾಸಿ.

ಕೊನೆಗೆ ಮಳೆಗಾಲ. ನಮ್ಮ ಕಡೆ ಜೂನ್, ಜುಲೈ ತಿಂಗಳಲ್ಲಿ ಎಷ್ಟೋ ಬೋಟುಗಳು ದಡ ಸೇರುತ್ತವೆ. ಡೀಸೆಲ್ ಎಂಜಿನ್ ಎರಡು ತಿಂಗಳು ಮಲಗಿದರೆ ಅಷ್ಟೇನೂ ಬೇಸರಪಡುವುದಿಲ್ಲ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಬಿಡಬಾರದು, ಖಾಲಿಯಾಗಿಯೂ ಬಿಡಬಾರದು. ಅರ್ಧದ ಆಸುಪಾಸಿನಲ್ಲಿ ಇಟ್ಟು, ವಾರಕ್ಕೊಮ್ಮೆ ಯಾರಾದರೂ ಹೋಗಿ ಮೀಟರ್ ನೋಡಬೇಕು. ಮೋಟಾರ್ ಮತ್ತು ಡ್ರೈವ್ ಒಳಗಿನ ಹೀಟರ್ ಮಳೆಗಾಲವಿಡೀ ಉರಿಯುತ್ತಿರಲಿ. ಆಗಸ್ಟಿನಲ್ಲಿ ಮೊದಲ ಸಲ ಸ್ವಿಚ್ ಹಾಕುವ ಮುನ್ನ ಡ್ರೈವಿನ ವಯರ್ ಬಿಚ್ಚಿ ಮೋಟಾರಿಗೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿಯಿರಿ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಸ್ವಿಚ್ ಮುಟ್ಟಬೇಡಿ. ಇನ್ನೆರಡು ದಿನ ಹೀಟರ್ ಹಚ್ಚಿ ಒಣಗಿಸಿ, ಮತ್ತೆ ಹಿಡಿದು ನೋಡಿ.